ಹಿಂದೆ ಕೂರುವವರಿಗೆ ಫುಟ್‌ರೆಸ್ಟ್

ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಈ ಕಥೆಯೊಳಗಿನ ಇಬ್ಬರ ಜೊತೆಗೂ ನನಗೆ ಆಗಲೇ ಜಗಳವಾಗಿದೆ.

ಮೊದಲು ಗಾಡಿಯಿಂದ, ಅಂದರೆ ಬೈಕಿನಿಂದ ಶುರು ಮಾಡಿದೆ. ಇನ್ನೂರು ಸಿಸಿ, ಒಂಟಿ ಸಿಲಿಂಡರು, ಮುಂದೆ ದೊಡ್ಡ ಗಾಲಿ, ಹಿಂದೆ ಚಿಕ್ಕದು, ಟಾರು ರಸ್ತೆಯಲ್ಲಿ ಎಷ್ಟು ಸಲೀಸೋ ಎತ್ತಿನ ಬಂಡಿಯ ಜಾಡಿನಲ್ಲೂ ಅಷ್ಟೇ ಸಲೀಸು ಎಂದೆಲ್ಲ ಒಂದು ಪುಟ ಬರೆದು ಓದಿಕೊಂಡರೆ, ಶೋರೂಮಿನ ಸೇಲ್ಸ್‌ಮನ್ ನನ್ನೊಳಗೆ ಹೊಕ್ಕು ಕೂತಂತಿತ್ತು. ಹರಿದುಹಾಕಿದೆ. (ಅಂದರೆ ಡಿಲೀಟ್ ಒತ್ತಿದೆ. 'ಹರಿದುಹಾಕಿದೆ' ಅಂದರೆ ಬರೆಯುವವನಿಗೆ ಸ್ವಲ್ಪ ಗೌರವ ಬರುತ್ತದೆ.)

ಎರಡನೇ ಸಲ ಅಪಘಾತದಿಂದ ಶುರು ಮಾಡಿದೆ. ಆಗ ಅತಿಶಯ, ಈ ಕಥೆಯ ಗಂಡ, ತಡೆದ.

"ಅಲ್ಲಿಂದ ಬ್ಯಾಡ್ರಿ. ನೋಡಾಕ ಬಂದಾವ್ರೆಲ್ಲಾ ಅಲ್ಲಿಂದನ ಶುರು ಮಾಡ್ತಾರ."

"ಮತ್ತೆ ಎಲ್ಲಿಂದ?"

ಉತ್ತರ ಕೊಟ್ಟವಳು ಮೇಘಾ, ಈ ಕಥೆಯ ಹೆಂಡತಿ. "ನಾ ಗೇಟ್ ತಗದ ಮಧ್ಯಾಹ್ನದಿಂದ ಬರೀರಿ. ಆದ್ರ ನನ್ನ ಅಳಸಬ್ಯಾಡ್ರಿ. ಅಳೂದಿದ್ರ ನಾನ ಅಳತೀನಿ. ಮತ್ತ, ಅವನ ತಲ್ಯಾಗ ಏನಿತ್ತಂತ ಬರೀಬ್ಯಾಡ್ರಿ. ನನಗ ಗೊತ್ತಿಲ್ಲದ್ದು ನಿಮಗೂ ಗೊತ್ತಿರಬಾರದು."

ಒಪ್ಪಿಕೊಂಡೆ. ಆದ್ದರಿಂದ ಓದುಗರೇ, ಇಲ್ಲಿಂದ ಮುಂದೆ ನಾವು ಮೇಘಾಳ ಬೆನ್ನಿಗೇ ಇರುತ್ತೇವೆ. ಅವಳಿಗೆ ಕಂಡಷ್ಟೇ ನಮಗೆ.

೧

ಬೆಳಗಾವಿಯ ಖಡೇಬಜಾರದ ಒಂದು ಕನ್ನಡಕದ ಅಂಗಡಿಯಲ್ಲಿ ಮೇಘಾ ಕಣ್ಣು ತಪಾಸಣೆ ಮಾಡುತ್ತಾಳೆ. ಅಂದು ಊಟದ ಹೊತ್ತಿಗೆ ಕರೆಂಟು ಹೋಯಿತು, ಸಂಜೆಯ ತನಕ ಬರುವುದಿಲ್ಲ ಅಂದರು. ಕರೆಂಟಿಲ್ಲದಿದ್ದರೆ ಅವಳ ಯಂತ್ರಗಳೇ ಕುರುಡು. ಸ್ಕೂಟಿ ಹತ್ತಿ ಸದಾಶಿವನಗರದ ಮನೆಗೆ ಬಂದಳು.

ಗೇಟಿನ ಹೊರಗೇ ಆ ಸದ್ದು ಕೇಳಿಸಿತು. ಅದನ್ನು ಕೇಳಿ ವರ್ಷದ ಮೇಲಾಗಿತ್ತು. ಮನೆಯ ಹೊರಗಿನ ಮೆಟ್ಟಿಲ ಕೆಳಗೆ ತಾಡಪತ್ರಿ ಹೊದ್ದು ನಿಂತಿರುತ್ತಿದ್ದ ಗಾಡಿ ಬರಿಮೈಯಲ್ಲಿ ನಿಂತು ನಡುಗುತ್ತಿತ್ತು. ಅದರ ಮೇಲೆ ಅತಿಶಯ ಕೂತಿದ್ದ. ತಲೆಯ ಮೇಲೆ ಹೆಲ್ಮೆಟ್ ಇಲ್ಲ, ಕಾಲಲ್ಲಿ ಮನೆಯೊಳಗೆ ಹಾಕುವ ರಬ್ಬರ್ ಚಪ್ಪಲಿ. ಬಲಗೈ ಆಕ್ಸಿಲರೇಟರಿನ ಮೇಲಿತ್ತು. ಎಡಗೈಯನ್ನು ಹ್ಯಾಂಡಲ್ಲಿನ ಹಿಡಿಗೆ ಕಟ್ಟಿಹಾಕಲಾಗಿತ್ತು.

ಡಾಕ್ಟರು ಭುಜದ ವ್ಯಾಯಾಮಕ್ಕೆಂದು ಕೊಟ್ಟ ಎಳೆಯುವ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿ ಸುತ್ತಿ ಹಿಡಿಗೆ ಬಿಗಿದಿದ್ದ.

"ಏನ್ ಮಾಡಾಕತ್ತಿ?"

"ಸುಮ್ನ ಕುಂತೇನಿ."

"ಕೈಗ ಏನದು?"

"ಜಾರಬಾರದಂತ."

ಮೇಘಾ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದಳು. ಪಟ್ಟಿ ಬಿಚ್ಚಲು ಹೋದಳು. ಗಂಟನ್ನು ಒಂದು ಕೈಯಿಂದಲೂ ಹಲ್ಲಿನಿಂದಲೂ ಬಿಗಿದದ್ದು. ಪಟ್ಟಿಯ ತುದಿ ಇನ್ನೂ ಒದ್ದೆಯಿತ್ತು. ಬಿಚ್ಚಿದಾಗ ಮಣಿಕಟ್ಟಿನ ಮೇಲೆ ಕೆಂಪು ಗೆರೆಗಳು ಮೂಡಿದ್ದವು. ಅವನಿಗೆ ಅದರ ಅರಿವೇ ಇರಲಿಲ್ಲ. ಗೇಟಿನತ್ತ ನೋಡುತ್ತಿದ್ದ, ಅವಳು ತೆರೆದಿಟ್ಟು ಬಂದಿದ್ದ ಗೇಟಿನತ್ತ.

ಅತ್ತೆ ಕಾಂತಾ ಬಸದಿಗೆ ಹೋಗಿದ್ದರು. ಮನೆಯಲ್ಲಿ ಇನ್ನಾರೂ ಇರಲಿಲ್ಲ.

(ಇಲ್ಲಿ ಒಂದು ವಾಕ್ಯ ಬರೆದಿದ್ದೆ, ಅತಿಶಯ ಎಲ್ಲಿಗೆ ಹೊರಟಿದ್ದ ಎಂಬುದರ ಬಗ್ಗೆ. ಮೇಘಾ ಬೆರಳು ತೋರಿಸಿದಳು. ತೆಗೆದುಹಾಕಿದೆ.)

೨

ಅಪಘಾತದ ವಿಷಯ, ಅವನ ಒಪ್ಪಿಗೆ ಪಡೆದು, ಆದಷ್ಟು ಚಿಕ್ಕದಾಗಿ.

ಖಾನಾಪುರದ ಸುತ್ತಲಿನ ಜಾಡುಗಳಲ್ಲಿ ವರ್ಷಗಟ್ಟಲೆ ಈ ಗಾಡಿ ಹೊಡೆದು ಬಿದ್ದೆದ್ದು ಬಂದವನಿಗೆ ತರಚಿದ ಮೊಣಕಾಲಿಗಿಂತ ಹೆಚ್ಚಿನದೇನೂ ಆಗಿರಲಿಲ್ಲ. ಹೆಂಡತಿಯ ಸ್ಕೂಟಿ ತೆಗೆದುಕೊಂಡು ಟಿಳಕವಾಡಿಗೆ ಹಾಲು ತರಲು ಹೋದ ಒಂದು ಬೆಳಗ್ಗೆ, ಹಿಂದೆ ಸರಿಯುತ್ತಿದ್ದ ಟೆಂಪೊ ಒಂದು ತಗುಲಿ, ಅವನು ಭುಜ ಊರಿ ಬಿದ್ದ. ಭುಜದೊಳಗಿನ ನರಗಳು ಬುಡದಿಂದಲೇ ಕಿತ್ತುಬಂದಿದ್ದವು. ಆಪರೇಷನ್ ಆಯಿತು, ವ್ಯಾಯಾಮ ಆಯಿತು. ಎಡಗೈ ಮೈಗೆ ಅಂಟಿಕೊಂಡೇ ಉಳಿಯಿತು, ಅವನ ಮಾತು ಕೇಳುವುದನ್ನು ಮಾತ್ರ ಬಿಟ್ಟಿತು.

೩

ಗಾಡಿಯ ವಿಷಯವನ್ನು ಈಗ ಹೇಳಲೇಬೇಕು. (ಸೇಲ್ಸ್‌ಮನ್ನನ್ನು ಹೊರಗೆ ಕೂರಿಸಿ ಬಂದಿದ್ದೇನೆ.)

ಅತಿಶಯ ಕೊಂಡ ಗಾಡಿ ಕೊಂಡ ಹಾಗೆ ಒಂದು ತಿಂಗಳೂ ಉಳಿಯಲಿಲ್ಲ. ಉದ್ಯಮಬಾಗಿನಲ್ಲಿ ಅವನದೊಂದು ಪುಟ್ಟ ಕಾರ್ಖಾನೆಯಿದೆ, ಪಂಪುಗಳ ಬಿಡಿಭಾಗ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಅದೇ ಲೇತಿನಲ್ಲಿ, ಅದೇ ವೆಲ್ಡಿಂಗ್ ಯಂತ್ರದಲ್ಲಿ ಗಾಡಿಯ ಸಾಮಾನು ತಯಾರಾಗುತ್ತಿತ್ತು. ಇಂಜಿನ್ನಿನ ಹೊಟ್ಟೆಗೆ ಕಲ್ಲು ಬಡಿಯದಿರಲಿ ಎಂದು ಅಲ್ಯುಮಿನಿಯಂ ತಟ್ಟೆ ಕೂರಿಸಿದ. ಬೆರಳಿಗೆ ಟೊಂಗೆ ಹೊಡೆಯದಿರಲಿ ಎಂದು ಹ್ಯಾಂಡಲ್ಲಿಗೆ ಗಾರ್ಡ್ ಹಾಕಿದ. ದಿಬ್ಬ ಹತ್ತಲು ಬಲ ಬರಲಿ ಎಂದು ಹಿಂದಿನ ಹಲ್ಲುಚಕ್ರ ದೊಡ್ಡದು ಮಾಡಿದ. ಸಸ್ಪೆನ್ಷನ್ ಎತ್ತರಿಸಿದ, ಸೀಟು ಎತ್ತರಿಸಿದ. ಗಾಡಿ ಎತ್ತರವಾಗಿ ಸೈಡ್ ಸ್ಟ್ಯಾಂಡ್ ಗಿಡ್ಡವಾಯಿತು, ನಿಲ್ಲಿಸಿದರೆ ವಾಲತೊಡಗಿತು. ಸ್ಟ್ಯಾಂಡಿನ ತುದಿಗೆ ಒಂದು ತುಂಡು ಬೆಸೆದು ಉದ್ದ ಮಾಡಿದ. ಒಂದು ಸಂಜೆ, ಭಾರ ಕಡಿಮೆಯಾಗಲಿ ಎಂದು ಹಿಂದೆ ಕೂರುವವರ ಫುಟ್‌ರೆಸ್ಟ್‌ಗಳನ್ನು ಬಿಚ್ಚಿದ.

ಮೇಘಾ ಚಹಾ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಅವನ್ಯಾಕ ತಗೀತಿ?"

"ಹಿಂದ ಯಾರ ಕುಂದರತಾರ?" ಎಂದ, ತಲೆಯೆತ್ತದೆ.

ಅವನಿಗೆ ಆ ಮಾತು ನೆನಪಿಲ್ಲ. ನೆನಪಿರಬೇಕಾದ ಮಾತೂ ಅಲ್ಲ ಅದು. ಆದರೆ ಆಮೇಲಿನ ಎಲ್ಲ ಭಾನುವಾರಗಳಲ್ಲಿ, ಬೆಳಕು ಹರಿಯುವ ಮುನ್ನ ಆ ಸದ್ದು ಗೇಟು ದಾಟಿ ಪಿರನವಾಡಿಯ ಕಡೆ ಕರಗುವಾಗ, ಮೇಘಾ ಹಾಸಿಗೆಯಲ್ಲಿ ಎಚ್ಚರವಾಗಿಯೇ ಇರುತ್ತಿದ್ದಳು. ಸಂಜೆ ಅವನು ಮಂಡಿಯ ತನಕ ಕೆಮ್ಮಣ್ಣು ಮೆತ್ತಿಕೊಂಡು ಬರುತ್ತಿದ್ದ. ಮುಖದ ಮೇಲೆ ಒಂದು ತೃಪ್ತಿ ಇರುತ್ತಿತ್ತು. ಅದು ಅವಳಿಂದ ಬಂದದ್ದಲ್ಲ, ಅವಳಿಗಾಗಿ ತಂದದ್ದೂ ಅಲ್ಲ. ಅಲ್ಲಿ ಏನಿದೆ ಎಂದು ಕೇಳಿದರೆ "ಏನಿಲ್ಲ" ಅನ್ನುತ್ತಿದ್ದ.

ಮಳೆಗಾಲದಲ್ಲಿ ಮಾತ್ರ ಹೋಗುತ್ತಿರಲಿಲ್ಲ. ತಾಯಿಗೆ ಮಾತು ಕೊಟ್ಟಿದ್ದ. "ಚಾತುರ್ಮಾಸದಾಗ ಹಸಿ ನೆಲದ ಮ್ಯಾಲೆ ಗಾಲಿ ಹಾಯಿಸಿದ್ರ ಎಷ್ಟ ಜೀವ ಹೋಗ್ತಾವ, ವಿಚಾರ ಮಾಡು" ಎಂದಿದ್ದರು ಕಾಂತಾ. ಆ ನಾಲ್ಕು ತಿಂಗಳು ಗಾಡಿ ಮೆಟ್ಟಿಲ ಕೆಳಗೇ ಇರುತ್ತಿತ್ತು, ಅವನೂ ಮನೆಯಲ್ಲೇ ಇರುತ್ತಿದ್ದ. ಮೇಘಾಗೆ ವರ್ಷದಲ್ಲಿ ಇಷ್ಟವಾದ ಕಾಲ ಅದು. ಇದನ್ನು ಅವಳು ಯಾರಿಗೂ ಹೇಳಿಲ್ಲ. ನನಗೆ ಹೇಳಿದ್ದಾಳೆ, ಅಂದರೆ ಈಗ ನಿಮಗೂ ಗೊತ್ತಾಯಿತು.

೪ (ಕೈಬಿಟ್ಟದ್ದು)

ಈ ಜಾಗದಲ್ಲಿ ಮೊದಲು ಬೇರೆಯದೇ ಕಥೆಯಿತ್ತು. ಅದರಲ್ಲಿ ಅತಿಶಯನ ಕೈ ನಿಧಾನವಾಗಿ ಜೀವ ಹಿಡಿಯುತ್ತಿತ್ತು. ಮೊದಲು ಹೆಬ್ಬೆರಳು, ಆಮೇಲೆ ಮುಷ್ಟಿ. ಕೊನೆಗೆ ಕ್ಲಚ್ಚನ್ನು ತಾನೇ ಒತ್ತುತ್ತಿದ್ದ. ಚೆನ್ನಾಗಿಯೇ ಬರೆದಿದ್ದೆ, ನನ್ನ ಕಣ್ಣೂ ಸ್ವಲ್ಪ ಒದ್ದೆಯಾಗಿತ್ತು. ಅತಿಶಯ ಓದಿದ.

"ಹೆಬ್ಬೆರಳ ಅಲಗಾಡತೈತೇನಂತ ನಾ ದಿನಾ ಮುಂಜಾನಿ ನೋಡತೀನ್ರಿ" ಎಂದ ಆಮೇಲೆ. "ಎದ್ದ ಕೂಡಲೆ, ಯಾರೂ ನೋಡದಂಗ. ನೀವ್ ಇದನ್ನ ಬರದ್ರ, ನಾಳಿಂದ ಮತ್ತ ಖರೇ ಅಂತ ನಂಬಿ ನೋಡಾಕ ಶುರು ಮಾಡ್ತೀನಿ. ಬ್ಯಾಡ್ರಿ."

ತೆಗೆದುಹಾಕಿದೆ. ಅದನ್ನು ತೆಗೆದುಹಾಕಿದ್ದರಿಂದ ಈ ಕಥೆ ಗಟ್ಟಿಯಾಯಿತೋ ಬಡವಾಯಿತೋ ನನಗೆ ತಿಳಿಯದು.

೫

ಆ ಮಧ್ಯಾಹ್ನದ ಬಗ್ಗೆ ಗಂಡಹೆಂಡತಿ ಮಾತಾಡಲಿಲ್ಲ. ಮೇಘಾ ಗಾಡಿಯ ಕೀಲಿಯನ್ನು ತನ್ನ ಪರ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗತೊಡಗಿದಳು. ಅತಿಶಯ ಅದನ್ನು ನೋಡಿದ, ಕೇಳಲಿಲ್ಲ.

ಒಂದು ಸಂಜೆ, ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಮೂವರೂ ಕೂತಾಗ ಕಾಂತಾ ಎತ್ತಿದರು. "ಆ ಗಾಡಿ ಮಾರಿಬಿಡ್ರಿ. ಅದನ್ನ ನೋಡಿ ನೋಡಿ ಇವ ಸೊರಗಾಕತ್ತಾನ."

"ಮಾರೂದಿಲ್ಲ" ಎಂದಳು ಮೇಘಾ. "ನಾ ಹೊಡೀತೀನಿ."

ಅತಿಶಯ ರೊಟ್ಟಿ ಮುರಿಯುತ್ತಿದ್ದ. ಒಂದೇ ಕೈಯಲ್ಲಿ ರೊಟ್ಟಿ ಮುರಿಯುವುದನ್ನು ಅವನು ಕಲಿತಿದ್ದ, ಹೆಬ್ಬೆರಳಿನಿಂದ ತಟ್ಟೆಗೆ ಒತ್ತಿ ಹಿಡಿದು. "ನಿನ್ನ ಕಾಲ ನೆಲಕ್ಕ ಮುಟ್ಟೂದಿಲ್ಲ" ಎಂದ.

"ಹಂಗಾರ ಗಾಡಿ ಕೆಳಗಿಳಸೂಣು."

ಅವನು ಕೈ ತೊಳೆದು ಎದ್ದುಹೋದ. ರೊಟ್ಟಿ ಅರ್ಧ ಉಳಿದಿತ್ತು. ತಾನು ಏನು ಹೇಳಿದೆ ಎಂಬುದು ಮೇಘಾಗೆ ಆಮೇಲೆ ಹೊಳೆಯಿತು. ಗಾಡಿಯನ್ನು ಕೆಳಗಿಳಿಸುವುದು ಅಂದರೆ ಅವನು ಅಷ್ಟು ವರ್ಷ ಎತ್ತರಿಸಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚುವುದು. ಅವನ ಅಳತೆಯನ್ನು ಅಳಿಸಿ ತನ್ನ ಅಳತೆ ಬರೆಯುವುದು.

"ಆದ್ರೂ ಮಾಡಿದೆ" ಅನ್ನುತ್ತಾಳೆ. "ಯಾಕಂತ ಕೇಳಬ್ಯಾಡ್ರಿ. ಗಾಡಿ ಅಲ್ಲೇ ಹಂಗ ನಿಂತಿದ್ರ, ಇನ್ನೊಂದ ಮಧ್ಯಾಹ್ನ ನಾ ಲಗೂ ಬರದ ಇದ್ದಿದ್ರ?"

೬

ಶಿವಬಸವ ನಗರದ ಗುರುಪುತ್ರಪ್ಪ ಅತಿಶಯನ ಹಳೆಯ ಮೆಕ್ಯಾನಿಕ್ಕು. ಮೇಘಾ ಗಾಡಿಯನ್ನು ಟೆಂಪೊದಲ್ಲಿ ಹಾಕಿಸಿ ಅವನ ಶೆಡ್ಡಿಗೆ ತಂದಾಗ ಅವನು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಕೈ ಕಟ್ಟಿ ನಿಂತ.

"ವೈನಿ, ಇದು ಅಣ್ಣಾರ ಗಾಡಿ. ಅವ್ರ ಬಾಯಿಲೆ ಹೇಳಿದ್ರ ಅಷ್ಟ ನಾ ಪಾನಾ ಹಚ್ಚತೀನಿ."

"ಆರ್‌ಸಿ ಬುಕ್ಕಿನ್ಯಾಗ ಅವನ ಹೆಸರೈತಿ, ನನಗೂ ಗೊತ್ತೈತಿ."

"ಬುಕ್ಕಿನ ಮಾತಲ್ರಿ ಅದು" ಎಂದ ಅವನು, ಮುಖ ಸಣ್ಣದು ಮಾಡಿಕೊಂಡು.

ಮೇಘಾ ಅವನ ಮುರುಕು ಸ್ಟೂಲಿನ ಮೇಲೆ ಕೂತು ಗಂಡನಿಗೆ ಫೋನ್ ಹಚ್ಚಿದಳು. ಅವನು ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಲಿಲ್ಲ. ಕೂತೇ ಇದ್ದಳು. ಗುರುಪುತ್ರಪ್ಪ ಅವಳನ್ನು ಎಬ್ಬಿಸಲೂ ಆಗದೆ ಬೇರೆ ಕೆಲಸ ಮಾಡಲೂ ಆಗದೆ ಒಂದೇ ನಟ್ಟನ್ನು ಒರೆಸುತ್ತ ಉಳಿದ.

(ನಾನು ಇಲ್ಲಿ ಅತಿಶಯನನ್ನು ತಕ್ಷಣ ಬರಿಸಬಹುದಿತ್ತು. ಅವನು ಬರಲಿಲ್ಲ, ನಾನೇನು ಮಾಡಲಿ? ನಾವು ಮೂವರೂ ಕಾದೆವು.)

ಬಿಸಿಲು ಇಳಿದ ಮೇಲೆ ಒಂದು ಆಟೊ ಬಂದು ನಿಂತಿತು. ಅತಿಶಯನ ಬಲ ಹೆಗಲ ಮೇಲೆ ಒಂದು ಗೋಣಿಚೀಲವಿತ್ತು. ಅದನ್ನು ಇಳಿಸಿದಾಗ ಖಣಖಣ ಸದ್ದಾಯಿತು. ಗಾಡಿಯಿಂದ ಅವನು ಬಿಚ್ಚಿದ್ದೆಲ್ಲ ಅದರಲ್ಲಿತ್ತು, ಎಣ್ಣೆ ಸವರಿ, ಹಳೆಯ ಪೇಪರಿನಲ್ಲಿ ಸುತ್ತಿ.

"ಮುಂದಿನ ಫೋರ್ಕ್ ಎಷ್ಟ ಕೆಳಗ ಇಳಿಸಿದ್ರ ಹಿಂದೂ ಅಷ್ಟ ಇಳೀಬೇಕು" ಎಂದ ಗುರುಪುತ್ರಪ್ಪನಿಗೆ, ಹೆಂಡತಿಯತ್ತ ನೋಡದೆ. "ಇಲ್ಲಂದ್ರ ಇಳಕಲಿನ್ಯಾಗ ಮುಗ್ಗರಿಸತೈತಿ."

ಕೆಲಸ ಶುರುವಾಯಿತು. ಸೀಟಿನ ಹೊದಿಕೆ ಬಿಚ್ಚಿ ಸ್ಪಂಜು ಕೊಯ್ಯುವಾಗ ಅತಿಶಯ ರಸ್ತೆಯ ಕಡೆ ಮುಖ ಮಾಡಿ ನಿಂತ. ಒಂದು ಪದರು ಕೊಯ್ದು ಮೇಘಾಳನ್ನು ಕೂರಿಸುವುದು, ಮತ್ತೆ ಇಳಿಸುವುದು, ಮತ್ತೊಂದು ಪದರು. ದಿನವಿಡೀ ಗಿರಾಕಿಗಳ ಕಣ್ಣೆದುರು ಗಾಜು ಬದಲಿಸಿ 'ಇದ ಚೊಲೋ ಕಾಣತೈತೋ, ಅದೋ' ಎಂದು ಕೇಳುವವಳು ಅವಳು. ಈಗ ಗುರುಪುತ್ರಪ್ಪ ಅವಳನ್ನೇ ಕೇಳುತ್ತಿದ್ದ, "ಹಿಂಗ ಬೆಸ್ಟೋ ವೈನಿ, ಇನ್ನಾ ತಗೀಲೋ?" ಗಂಡನ ಬೆನ್ನು ನೋಡುತ್ತ ಅವಳು ಪ್ರತಿ ಸಲವೂ "ಇನ್ನಾ" ಅಂದಳು. ಕೊನೆಗೆ ಎರಡೂ ಪಾದಗಳ ಮುಂಭಾಗ ನೆಲಕ್ಕೆ ಹತ್ತಿದವು.

ಉಳಿದದ್ದು ಸೈಡ್ ಸ್ಟ್ಯಾಂಡು. ಗಾಡಿ ಕುಳ್ಳಾದ ಮೇಲೆ ಅದು ಉದ್ದವಾಗಿ, ಗಾಡಿ ನೆಟ್ಟಗೆ ನಿಂತು ಆಚೆ ಬದಿಗೆ ಬೀಳುವಂತಿತ್ತು. ಕತ್ತರಿಸಬೇಕು. ಅತಿಶಯ ಬೆಸೆದ ತುಂಡನ್ನಷ್ಟೇ ತೆಗೆದರೆ ಸಾಲದು, ಕಂಪನಿ ಕೊಟ್ಟ ಮೂಲ ಸ್ಟ್ಯಾಂಡಿನಲ್ಲೂ ಒಂದಿಷ್ಟು ಹೋಗಬೇಕು.

"ಅಣ್ಣಾರ, ಉಳದದ್ದೆಲ್ಲಾ ಮತ್ತ ಏರಸಬಹುದು. ಸ್ಪಂಜ್ ಹೊಸಾದ ಹಾಕಬಹುದು. ಇದನ್ನ ಇಷ್ಟ ಕೊಯ್ದ್ರ ಮತ್ತ ಬೆಸಗಿ ತಾಳೂದಿಲ್ಲ, ಈ ಗಾಡಿ ಇನ್ನ ನಿಮ್ಮ ಎತ್ತರಕ್ಕ ನಿಲ್ಲೂದಿಲ್ಲ."

ಗುರುಪುತ್ರಪ್ಪ ಹೇಳಬೇಕಾದ್ದನ್ನೇ ಹೇಳಿದ್ದ. ಅತಿಶಯ ಬ್ಯಾಡ ಅಂದುಬಿಡಲಿ ಎಂದು ಮೇಘಾಗೆ ಅನ್ನಿಸಿತು. ಅಂದುಬಿಟ್ಟರೆ ತನಗೆ ಸಿಟ್ಟು ಬರಬಹುದು, ಸಿಟ್ಟು ಬಂದರೆ ಹಗುರವಾಗಬಹುದು.

ಅತಿಶಯ ಮಂಡಿಯೂರಿ ಕೂತ. ಎಡಗೈ ತೂಗಿ ಎಣ್ಣೆಯ ನೆಲಕ್ಕೆ ತಾಕಿತು. ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು, ಗಾಡಿಯನ್ನು ಒಂದು ಸಲ ಕಣ್ಣಳತೆ ಮಾಡಿ, ಸ್ಟ್ಯಾಂಡಿನ ಮೇಲೆ ಅಡ್ಡಗೆರೆ ಎಳೆದ. "ಇಲ್ಲಿ" ಎಂದ.

ಗ್ರೈಂಡರಿನ ಕಿಡಿ ಹಾರುವಾಗ ಈ ಸಲ ಅವನು ಮುಖ ತಿರುಗಿಸಲಿಲ್ಲ.

ಗಾಡಿ ತನ್ನ ಹೊಸ ಗಿಡ್ಡ ಕಾಲಿನ ಮೇಲೆ ವಾಲಿ ನಿಂತಾಗ ಮೇಘಾ ಗೋಣಿಚೀಲಕ್ಕೆ ಕೈ ಹಾಕಿದಳು. ಪೇಪರು ಬಿಚ್ಚಿ ಬಿಚ್ಚಿ ನೋಡಿ, ಬೇಕಾದ್ದು ಸಿಕ್ಕಾಗ ಎತ್ತಿ ಹಿಡಿದಳು. ಎರಡು ಫುಟ್‌ರೆಸ್ಟುಗಳು.

"ಕಸಕ್ಕ ಒಗದಿದ್ದಿ ಅಂತ ತಿಳಕೊಂಡಿದ್ದೆ."

"ಒಗೀಲಿಲ್ಲ."

"ಇವನ್ನೂ ಹಚ್ಚರಿ" ಎಂದಳು ಗುರುಪುತ್ರಪ್ಪನಿಗೆ.

"ಯಾರಿಗೆ?" ಎಂದ ಅತಿಶಯ.

"ನಿನಗ."

ಅವನು ಬಹಳ ಹೊತ್ತು ಆ ಕಬ್ಬಿಣದ ತುಂಡುಗಳನ್ನೇ ನೋಡಿದ. ಹಿಂದೆ ಕೂರುವುದು. ತನ್ನ ಗಾಡಿಯ ಮೇಲೆ, ತನ್ನ ಹೆಂಡತಿಯ ಬೆನ್ನ ಹಿಂದೆ. (ಅವನ ತಲೆಯೊಳಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಹೋಗಲಿಲ್ಲ. ಆದರೆ ಬಾಗಿಲ ಬಳಿ ನಿಂತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.)

"ನೀ ಮೊದಲ ಬೀಳೂದ ಕಲಿ" ಎಂದ ಕೊನೆಗೆ. "ಆಮ್ಯಾಲಿಂದ ನೋಡೂಣು."

೭

ಮಳೆಗಾಲವಿಡೀ ಅವಳು ಡಾಂಬರಿನ ಮೇಲೆ ಕಲಿತಳು, ಬಡಾವಣೆಯ ಖಾಲಿ ರಸ್ತೆಗಳಲ್ಲಿ. ಸ್ಕೂಟಿಯ ಅಭ್ಯಾಸದ ಎಡಗೈ ಕ್ಲಚ್ಚನ್ನು ಬ್ರೇಕೆಂದು ತಿಳಿದು ಒತ್ತುತ್ತಿತ್ತು. ಬಿದ್ದಳು. ಗೇರು ಬದಲಿಸುವಾಗ ಚಪ್ಪಲಿ ಹರಿದು, ಕಾರ್ಖಾನೆಯ ದಪ್ಪ ಬೂಟಿನ ಒಳಗೆ ಎರಡು ಕಾಲುಚೀಲ ಹಾಕಿಕೊಂಡು ಬಂದಳು. ಮತ್ತೆ ಬಿದ್ದಳು. ಮೊಣಕೈ ಸುಲಿದುಕೊಂಡು ಅಂಗಡಿಗೆ ಹೋದಾಗ ಗಿರಾಕಿಯೊಬ್ಬರು ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಮೆಲ್ಲಗೆ ಕೇಳಿದರು.

ಅತಿಶಯ ರಸ್ತೆಯ ಬದಿಗೆ ನಿಂತು ಕೂಗುತ್ತಿದ್ದ. "ಕ್ಲಚ್ ಪೂರಾ ಬಿಡಬ್ಯಾಡ. ಅರ್ಧಾ ಹಿಡಿ. ಗಾಲಿ ನೋಡಬ್ಯಾಡ, ದೂರ ನೋಡು." ಮೊದಮೊದಲು ಅವನ ದನಿಯಲ್ಲಿ ಅಸಹನೆಯಿತ್ತು. ಬರಬರುತ್ತ ಅದು ಬರೀ ದನಿಯಾಯಿತು. ಒಂದು ಸಂಜೆ ಮೇಘಾ ನೋಡಿದಳು: ಅವಳು ಗೇರು ಬದಲಿಸಿದಾಗ ನಿಂತಲ್ಲೇ ಅವನ ಎಡಪಾದವೂ ಮೇಲೆದ್ದು ಇಳಿಯುತ್ತಿತ್ತು.

ಕಾಂತಾ ಮಹಡಿಯ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದರು. ದೀಪಾವಳಿಯಾಗಿ, ಚಾತುರ್ಮಾಸವೂ ಮುಗಿದು, ನೆಲ ಒಣಗಿದ ಮೇಲೆ ಒಂದು ಭಾನುವಾರ ನಸುಕಿನಲ್ಲಿ ಬುತ್ತಿ ಕಟ್ಟಿ ತಂದು ಸೊಸೆಯ ಕೈಗಿತ್ತರು.

"ಹೊತ್ತ ಮುಳಗೂದ್ರಾಗ ಬರ್ರಿ. ಊಟ ಆಗಬೇಕು" ಎಂದರು. ಆಮೇಲೆ ಮಗನ ತೂಗುವ ಕೈಯನ್ನು ತಾವೇ ಎತ್ತಿ ಜೋಳಿಗೆಪಟ್ಟಿಯೊಳಗೆ ಕೂರಿಸಿ, ಜಾಕೀಟಿನ ಜಿಪ್ಪು ಹಾಕಿದರು, ಶಾಲೆಗೆ ಹೋಗುವ ಹುಡುಗನಿಗೆ ಹಾಕಿದ ಹಾಗೆ.

೮

ಖಾನಾಪುರದ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿದರು. ಮಲಪ್ರಭೆಯ ಮೇಲೆ ಇನ್ನೂ ಮಂಜಿತ್ತು. ಊರು ದಾಟಿ ಪಡುವಣಕ್ಕೆ ಹೋಗಿ, ಅತಿಶಯ ಬೆನ್ನು ತಟ್ಟಿದಲ್ಲಿ ಮೇಘಾ ಟಾರು ಬಿಟ್ಟು ಬಂಡಿಯ ಜಾಡಿಗಿಳಿದಳು. ಗದ್ದೆಗಳ ನಡುವಿನ ಜಾಡು, ಮುಂದೆ ಒಂದು ಬೋಳು ಗುಡ್ಡ. ಕಾಡಿನ ಗಡಿಕಲ್ಲುಗಳು ಅದರಾಚೆ.

ಕೆಮ್ಮಣ್ಣು ಗಾಲಿಯ ಕೆಳಗೆ ಜಾರಿತು. ರಸ್ತೆಯಲ್ಲಿ ಕಲಿತದ್ದೆಲ್ಲ ಇಲ್ಲಿ ಸುಳ್ಳಾಯಿತು. ಅತಿಶಯ ಏನೂ ಹೇಳಲಿಲ್ಲ. ಬಲಗೈ ಅವಳ ಹೆಗಲ ಮೇಲಿತ್ತು, ಅಷ್ಟೇ. ಗಾಡಿ ಕುಣಿದಾಗಲೆಲ್ಲ ಆ ಕೈ ಬಿಗಿಯುತ್ತಿತ್ತು, ಮತ್ತೆ ಬಿಗಿ ಸಡಿಲಿಸಲು ಅವನು ಪ್ರಯತ್ನಪಡುತ್ತಿರುವುದು ಅವಳಿಗೆ ತಿಳಿಯುತ್ತಿತ್ತು.

ಗುಡ್ಡದ ಬುಡದಲ್ಲಿ ಎಮ್ಮೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ಕೋಲೆತ್ತಿ ನಿಲ್ಲಿಸಿದಳು. ಅವಳ ಹೆಸರು ಕಾಡವ್ವ ಎಂದು ಆಮೇಲೆ ತಿಳಿಯಿತು.

"ಅಯ್ಯ, ಸಾಹೇಬ್ರ! ಕಿತೀ ದಿವಸ ಆತಲ್ರಿ ಬಂದು. ಇವ್ರ್ಯಾರು, ಮಾಲಕೀಣ?" ಆಮೇಲೆ ಜೋಳಿಗೆಪಟ್ಟಿ ಕಂಡಿತು. "ಕೈಗ ಏನಾತ್ರಿ?"

"ಹೋತವ್ವ."

"ಹೋತ? ಇಲ್ಲೇ ಐತೆಲ್ಲ." ಹತ್ತಿರ ಬಂದು ಆ ಕೈಯನ್ನು ಹಿಡಿದು, ತೂಗಿ ನೋಡಿ, "ಮಸ್ತ್ ವಜ್ಜಾ ಐತಿ" ಎಂದಳು.

ಅತಿಶಯ ನಕ್ಕ. ಗಟ್ಟಿಯಾಗಿ, ತಲೆ ಹಿಂದಕ್ಕೆ ಹಾಕಿ. ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಯಾರೂ ಕೇಳದ ನಗು, ಎಮ್ಮೆ ಕಾಯುವ ಹೆಂಗಸಿಗೆ ಸಿಕ್ಕಿಬಿಟ್ಟಿತು. ಮೇಘಾಗೆ ಒಂದು ಕ್ಷಣ ಹೊಟ್ಟೆ ಉರಿಯಿತು. ಹಳೆಯ ಭಾನುವಾರಗಳ ಉರಿಯೇ ಅದು.

ಮುಂದಿನ ಏರು ಕಡಿದಾಗಿತ್ತು, ಉದ್ದಕ್ಕೂ ಜಂಬಿಟ್ಟಿಗೆಯ ಉರುಟು ಹರಳು. "ಇಲ್ಲಿ ನಾ ಇಳೀತೀನಿ. ನೀ ಒಬ್ಬಾಕಿ ಏರಸು" ಎಂದ ಅತಿಶಯ. ಮೇಘಾ ಏರಿಸಿದಳು. ಅರ್ಧಕ್ಕೆ ಹೋದಾಗ ಹೆದರಿ ಆಕ್ಸಿಲರೇಟರ್ ಬಿಟ್ಟಳು. ಇಂಜಿನ್ ನಿಂತಿತು. ಗಾಡಿ ಹಿಂದಕ್ಕೆ ಜಾರಿ, ಇಳಿಜಾರಿನ ಕಡೆಯ ಕಾಲಿಗೆ ನೆಲ ಸಿಗದೆ, ಅವಳ ಮೇಲೆಯೇ ಬಿತ್ತು.

ಅತಿಶಯ ಓಡಿಬಂದ. ಅವಳ ಕಾಲು ಗಾಡಿಯ ಕೆಳಗಿತ್ತು. ದಪ್ಪ ಬೂಟು ಉಳಿಸಿತ್ತು, ಆದರೆ ಸೈಲೆನ್ಸರಿನ ಬಿಸಿ ಪ್ಯಾಂಟಿನ ಮೂಲಕ ಮೀನಖಂಡಕ್ಕೆ ಹತ್ತುತ್ತಿತ್ತು. ಅವನು ಬಲಗೈಯಿಂದ ಹ್ಯಾಂಡಲ್ ಹಿಡಿದು ಎಳೆದ. ಗಾಡಿ ತುಸು ಎದ್ದು ಮತ್ತೆ ಕೂತಿತು. ಮತ್ತೆ ಎಳೆದ. ಎಡಗೈ ಜೋಳಿಗೆಯಿಂದ ಹೊರಬಂದು ಅಡ್ಡಡ್ಡ ಬಡಿಯುತ್ತಿತ್ತು. ಅವನ ಬಾಯಿಂದ ಒಂದು ಸದ್ದು ಬಂತು. ಮಾತಲ್ಲ ಅದು.

"ಅತಿಶಯ, ಎಳೀಬ್ಯಾಡ" ಎಂದಳು ಮೇಘಾ. "ನನ್ನ ಕಡೆ ನೋಡು. ನೀ ಹ್ಯಾಂಗ ಎಬ್ಬಸತಿದ್ದಿ?"

"ಬೆನ್ನ ಕೊಟ್ಟು."

"ಹಂಗಾರ ಬೆನ್ನ ಕೊಡು."

ಅವನು ತಿರುಗಿ ಕೂತು ಸೀಟಿಗೆ ಬೆನ್ನು ಕೊಟ್ಟ. ಹಿಂದೆ ಹೊಸದಾಗಿ ಹಾಕಿದ ಫುಟ್‌ರೆಸ್ಟಿನ ಕಂಬಿಯನ್ನು ಬಲಗೈಯಲ್ಲಿ ಹಿಡಿದ. ಕಾಲು ಊರಿ ಹಿಂದಕ್ಕೆ ದೂಡಿದ. ಕೆಳಗಿಂದ ಅವಳು ಎರಡೂ ಕೈಯಿಂದ ಒತ್ತಿದಳು. ಗಾಡಿ ಎದ್ದಿತು, ಎದ್ದು ನಿಂತಿತು. ಗಾಡಿ ಕುಳ್ಳಾಗಿದ್ದರಿಂದ ಎದ್ದಿತೋ, ಇಬ್ಬರಿದ್ದುದರಿಂದ ಎದ್ದಿತೋ, ಅಲ್ಲಿ ಯಾರೂ ವಿಚಾರ ಮಾಡಲಿಲ್ಲ.

ಇಬ್ಬರೂ ಹರಳಿನ ಮೇಲೆ ಕೂತರು. ಮೇಘಾ ಅತ್ತಳು.

(ನಾನು ಅಳಿಸಲಿಲ್ಲ. ಅವಳೇ ಅತ್ತಳು.)

೯

ಎರಡನೇ ಸಲ ಹತ್ತಿಸಿದಳು. ಮೇಲೆ ಅಂಗಳದಷ್ಟು ಸಮತಟ್ಟು ಜಾಗ, ಒಂದು ನೇರಳೆ ಗಿಡ, ಅಷ್ಟೇ. ಆಚೆ ಏನೂ ಇರಲಿಲ್ಲ. ನೋಡುವಂಥ ಕಣಿವೆಯಿಲ್ಲ, ಜಲಪಾತವಿಲ್ಲ. ಗಡಿಕಲ್ಲು, ಅದರಾಚೆ ಮುಳ್ಳು ಪೊದೆ.

"ಇಲ್ಲಿಂದ ಮುಂದ?"

"ಇಲ್ಲೇ ತಿರಗಸ್ತಿದ್ದೆ."

"ಇಷ್ಟಕ್ಕ ಬರ್ತಿದ್ದಿ?"

"ಇಷ್ಟಕ್ಕ."

ಇಷ್ಟು ವರ್ಷ ತಾನು ಹೊಟ್ಟೆಕಿಚ್ಚುಪಟ್ಟದ್ದು ಈ ನಾಲ್ಕು ಮಾರು ನೆಲದ ಮೇಲೆ. ಮೇಘಾಗೆ ನಗು ಬರಬೇಕಿತ್ತು, ಬರಲಿಲ್ಲ. ಬುತ್ತಿ ಬಿಚ್ಚಿದರು. ಅರ್ಧ ಊಟವಾದ ಮೇಲೆ, ರೊಟ್ಟಿಯ ಕಡೆಗೇ ನೋಡುತ್ತ ಅವಳು ಕೇಳಿದಳು.

"ಆ ದಿನ ಎಲ್ಲಿಗೆ ಹೊಂಟಿದ್ದಿ?"

ಓದುಗರೇ, ಈ ಉತ್ತರಕ್ಕಾಗಿ ನಾನು ಮೂರು ಕರಡು ಬರೆದಿದ್ದೆ. ಒಂದರಲ್ಲಿ ಅವನು ಎಲ್ಲವನ್ನೂ ಹೇಳಿಬಿಡುತ್ತಿದ್ದ; ಅದು ಕಥೆಗಾರನ ಆಸೆ. ಇನ್ನೊಂದರಲ್ಲಿ ಸುಳ್ಳು ಹೇಳುತ್ತಿದ್ದ. ಅದು ಕಥೆಗಾರನ ಜಾಣತನ. ಮೂರನೆಯದರಲ್ಲಿ ಆ ಹೊತ್ತಿಗೆ ಸರಿಯಾಗಿ ಕಾಡವ್ವ ಬಂದುಬಿಡುತ್ತಿದ್ದಳು; ಅದು ಹೇಡಿತನ. ಮೂರನ್ನೂ ಬಿಟ್ಟು, ಅವನು ನಿಜವಾಗಿ ಅಂದದ್ದನ್ನು ಬರೆಯುತ್ತೇನೆ.

"ಗೇಟಿನ ತನಕ" ಎಂದ ಅತಿಶಯ. "ಗೇಟ್ ದಾಟಬೇಕಂತಿತ್ತು. ಆಮ್ಯಾಲಿಂದ ಏನಂತ ನಾ ವಿಚಾರ ಮಾಡಿರಲಿಲ್ಲ. ಖರೇನೂ ಮಾಡಿರಲಿಲ್ಲ, ಮೇಘಾ. ಅದ ನನಗೂ ಅಂಜಿಕಿ."

"ಮತ್ತ ಹಂಗ ಅನಸತೈತೇನು?"

"ಒಮ್ಮೊಮ್ಮಿ."

"ಅನಸಿದಾಗ ಹೇಳತಿ?"

ಅವನು ನೆಲ ನೋಡಿದ. "ಹೇಳಾಕ ನೋಡತೀನಿ" ಎಂದ.

ಅದು ಮಾತು ಕೊಟ್ಟ ಹಾಗಲ್ಲ ಎಂದು ಮೇಘಾಗೆ ಗೊತ್ತಿತ್ತು. ಇಲ್ಲ ಅಂದ ಹಾಗೂ ಅಲ್ಲ. ಅದಕ್ಕಿಂತ ಹೆಚ್ಚಿನದನ್ನು ಅವಳು ಕೇಳಲಿಲ್ಲ. ಬೆಳಗಾವಿಯಲ್ಲೇ ಮನಸ್ಸಿನ ಡಾಕ್ಟರೊಬ್ಬರಿದ್ದಾರೆ, ಇಬ್ಬರೂ ಹೋಗೋಣ ಎಂದಳು. ಹೂಂ ಅಂದ. ಆಮೇಲೆ ಇನ್ನೊಂದು ರೊಟ್ಟಿ ಕೇಳಿದ.

೧೦

ಈಗ ಇಳಿಯಬೇಕು. ಬಿಸಿಲು ಆಗಲೇ ನೇರಳೆ ಗಿಡದ ಆಚೆಗೆ ಸರಿದಿದೆ, ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದಾರೆ.

"ಇಳಕಲಿನ್ಯಾಗ ನಾ ನಡಕೊಂಡ ಬರತೀನಿ" ಅನ್ನುತ್ತಾನೆ ಅತಿಶಯ.

"ಕುಂದರು" ಅನ್ನುತ್ತಾಳೆ ಮೇಘಾ.

"ಬಿದ್ರ ಇಬ್ರೂ ಬೀಳತೀವಿ."

"ಕುಂದರು."

ಅವನು ಕೂರುತ್ತಾನೆ. ಗಾಡಿ ತಗ್ಗುತ್ತದೆ. ಎದುರಿಗೆ ಇಳಿಜಾರು, ಮೇಲಿಂದ ನೋಡಿದರೆ ಹತ್ತಿದಾಗಿನದಕ್ಕಿಂತ ಎರಡರಷ್ಟು ಕಡಿದು.

ನನ್ನ ಹತ್ತಿರ ಅಂತ್ಯಗಳಿವೆ. ಅವಳು ಸಲೀಸಾಗಿ ಇಳಿಸಿ, ಇಬ್ಬರೂ ಹೊತ್ತಿಗೆ ಮುಂಚೆ ಮನೆ ಸೇರುತ್ತಾರೆ. ಅಥವಾ ಅರ್ಧದಲ್ಲಿ ಮುಂದಿನ ಗಾಲಿ ಜಾರಿ, ನಾನು ಬರೆಯಲಾರದ್ದೊಂದು ಆಗುತ್ತದೆ. ಅಥವಾ ಇಳಿಯುತ್ತಾರೆ, ಮನೆ ಸೇರುತ್ತಾರೆ, ಡಾಕ್ಟರನ್ನೂ ಕಾಣುತ್ತಾರೆ, ಆದರೂ ಮುಂದೊಂದು ಮಧ್ಯಾಹ್ನ ಮೇಘಾ ಅಂಗಡಿಯಲ್ಲಿದ್ದಾಗ ಕರೆಂಟು ಹೋಗುವುದೇ ಇಲ್ಲ, ಅವಳು ಬೇಗ ಮನೆಗೆ ಬರುವುದೂ ಇಲ್ಲ. ಈ ಮೂರನೆಯದು ನನ್ನನ್ನು ಬಹಳ ದಿನದಿಂದ ಮಲಗಲು ಬಿಟ್ಟಿಲ್ಲ. ಆದ್ದರಿಂದ ಮೇಘಾಳನ್ನೇ ಕೇಳುತ್ತೇನೆ: ಯಾವುದನ್ನು ಬರೆಯಲಿ?

ಅವಳು ಹೆಲ್ಮೆಟ್ಟಿನ ಗಾಜು ಮೇಲೆತ್ತುತ್ತಾಳೆ.

"ಒಂದ ಸ್ವಲ್ಪ ಸುಮ್ನಿರ್ರಿ" ಅನ್ನುತ್ತಾಳೆ ನನಗೆ. "ನಾ ದಾರಿ ನೋಡಾಕತ್ತೀನಿ."

ಗಾಜು ಇಳಿಯುತ್ತದೆ. ಕ್ಲಚ್ಚಿನ ಮೇಲಿನ ಬೆರಳುಗಳು ಒಂದೊಂದಾಗಿ ಸಡಿಲಾಗುತ್ತವೆ, ಪೂರಾ ಅಲ್ಲ, ಅರ್ಧ.